ಗಾಯರಾಣದ ದನಗಳಿಗೆ ಮನೆಯಲ್ಲೇ ಮಾಡಿದ ಖನಿಜದ ಗೋದಲಿ

ಕುಷ್ಟಗಿ ತಾಲ್ಲೂಕಿನ ನಮ್ಮ ಊರಿನಲ್ಲಿ ಬೀಳುಭೂಮಿ, ಗಾಯರಾಣ (ಊರಿನ ಗೋಮಾಳ) ಎರಡೂ ಇರುವುದರಿಂದ ದನ ಮೇಯಿಸಲು ಜಾಗದ ತೊಂದರೆಯಿಲ್ಲ. ಹೀಗೆ ದಿನವಿಡೀ ಮೇದು ಬರುವ ದನಕ್ಕೆ ಇನ್ನೇನೂ ಬೇಕಾಗಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಒಂದು ಸಂಜೆ ನಮ್ಮ ಕೆಂಪು ಜವಾರಿ ಆಕಳು ಒಣಗಿದ ಎಲುಬಿನ ತುಂಡೊಂದನ್ನು ದವಡೆಯಲ್ಲಿ ಅಡ್ಡಲಾಗಿ ಸಿಕ್ಕಿಸಿಕೊಂಡು, ಎಳೆ ಎಳೆಯಾಗಿ ಜೊಲ್ಲು ಸುರಿಸುತ್ತ ಮನೆಗೆ ಬಂದಿತು. ಕೈ ಹಾಕಿ ಎಲುಬನ್ನು ತೆಗೆದರೆ, ಅದು ಮತ್ತೆ ನನ್ನ ಕೈಯನ್ನೇ ಮೂಸುತ್ತ ಹಿಂದೆ ಹಿಂದೆ ಬಂದಿತು. ಉಳಿದ ದನಗಳು ಗೋಡೆಯ ಸುಣ್ಣ ನೆಕ್ಕುವುದನ್ನು ನಾನು ಆಗಲೇ ನೋಡಿದ್ದೆ, ಆದರೆ ಅದನ್ನು ಬರೀ ಚಟವೆಂದು ಬಿಟ್ಟಿದ್ದೆ.

ಪಶುವೈದ್ಯರು ಇದನ್ನು ಮುಖ್ಯವಾಗಿ ರಂಜಕದ (ಫಾಸ್ಫರಸ್) ಕೊರತೆಯೆಂದು ಹೇಳಿದರು. ಹುಲ್ಲು ಬಲಿತು ಒಣಗಿದಂತೆ ಅದರಲ್ಲಿರುವ ರಂಜಕ ಇಳಿಯುತ್ತ ಹೋಗುತ್ತದೆ. ಸಂಕ್ರಾಂತಿ ಕಳೆದ ಮೇಲೆ ನಮ್ಮ ಭಾಗದಲ್ಲಿ ದನಕ್ಕೆ ಸಿಗುವುದೆಲ್ಲ ಒಣಹುಲ್ಲು ಮತ್ತು ಜೋಳದ ಕಣಿಕೆ. ಗಂಗಾವತಿ, ಸಿಂಧನೂರು ಕಡೆಯಿಂದ ಬರುವ ಭತ್ತದ ಹುಲ್ಲಿನಲ್ಲಿ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವ ಆಕ್ಸಲೇಟ್ ಎಂಬ ಅಂಶ ಇರುವುದರಿಂದ, ಅದರಲ್ಲಿರುವ ಅಲ್ಪಸ್ವಲ್ಪ ಕ್ಯಾಲ್ಸಿಯಂ ಕೂಡ ದನದ ಮೈಗೆ ಪೂರ್ತಿ ಹತ್ತುವುದಿಲ್ಲ. ಶೇಂಗಾ ಹೊಟ್ಟು ಕ್ಯಾಲ್ಸಿಯಂ ಕೊಡುತ್ತದೆ, ಆದರೆ ರಂಜಕದ ಕೊರತೆಯನ್ನು ತುಂಬುವುದಿಲ್ಲ. ಎಲುಬು ಕಡಿಯುವುದರಲ್ಲಿ ಇನ್ನೂ ದೊಡ್ಡ ಅಪಾಯವಿದೆ: ಸತ್ತ ಪ್ರಾಣಿಯ ಅವಶೇಷದಲ್ಲಿ ಬೆಳೆಯುವ ಬೊಟುಲಿಸಂ ವಿಷ ಹೊಟ್ಟೆಗೆ ಹೋದರೆ ದನಕ್ಕೆ ಲಕ್ವ ಹೊಡೆದು, ನೆಲ ಹಿಡಿದು ಸಾಯುತ್ತದೆ. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲು ಮಾಡಿದ್ದು ತಪ್ಪು ಕೆಲಸ. ಹಳೆಯ ಕಬ್ಬಿಣದ ಬುಟ್ಟಿಯಲ್ಲಿ ಉಪ್ಪು ಮತ್ತು ಖನಿಜ ಮಿಶ್ರಣ ಹಾಕಿ ಬೇವಿನ ಮರದ ಕೆಳಗಿಟ್ಟೆ. ಒಂದೇ ಮಳೆಗೆ ಅದು ಕಲ್ಲಾಯಿತು, ಉಪ್ಪಿಗೆ ಬುಟ್ಟಿಯ ತಳ ತುಕ್ಕು ಹಿಡಿದು ತೂತಾಯಿತು.

ಈಗಿರುವುದು 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮು. ಡ್ರಮ್ಮು ಕೊಳ್ಳುವಾಗ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ: ಗುಜರಿಯಲ್ಲಿ ಅಗ್ಗಕ್ಕೆ ಸಿಗುವ, ಕೀಟನಾಶಕ ಅಥವಾ ರಾಸಾಯನಿಕ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಬಳಸಬಾರದು. ನಾನು ಅಡುಗೆ ಎಣ್ಣೆಯ ಡ್ರಮ್ಮನ್ನು ತಂದು, ತಳದಿಂದ ಒಂದು ಅಡಿ ಮೇಲೆ, ಆಕಳ ಮುಖ ಸಲೀಸಾಗಿ ಹೋಗುವಷ್ಟು ಅಗಲದ ಕಿಂಡಿ ಕೊರೆದೆ. ಕೊರೆದ ಅಂಚು ಮೂತಿಗೆ ತಾಗದಂತೆ ಹಳೆಯ ನೀರಿನ ಪೈಪನ್ನು ಸೀಳಿ ಸುತ್ತಲೂ ಕೂರಿಸಿದೆ. ಕಿಂಡಿಯ ಮುಂದೆ ಪರದೆಯಂತೆ ಇಳಿಬಿಟ್ಟಿರುವುದು ಗಣಿಗಳಲ್ಲಿ ಸವೆದು ಹೊಸಪೇಟೆಯ ಗುಜರಿಗೆ ಬರುವ ಕನ್ವೇಯರ್ ಬೆಲ್ಟಿನ ತುಂಡು. ಅದು ಕಿಂಡಿಗಿಂತ ಎಲ್ಲ ಕಡೆ ಮೂರು ಬೆರಳು ಹೆಚ್ಚಿರಬೇಕು, ಗಾಳಿಗೆ ಹಾರದಷ್ಟು ಭಾರವಿರಬೇಕು. ಆಕಳು ಮೂತಿಯಿಂದ ಅದನ್ನು ಎತ್ತಿ ಒಳಗೆ ನೆಕ್ಕುತ್ತದೆ, ತಲೆ ತೆಗೆದ ಕೂಡಲೇ ಪರದೆ ಮುಚ್ಚಿಕೊಳ್ಳುತ್ತದೆ. ಕಲಿಸುವುದಕ್ಕೆ ಮೊದಲ ಮೂರು ದಿನ ಪರದೆಯನ್ನು ಮೇಲೆ ಕಟ್ಟಿಟ್ಟೆ, ಆಮೇಲೆ ಅರ್ಧ ಇಳಿಸಿದೆ. ಹಿರಿಯ ಆಕಳು ಕಲಿತ ಮೇಲೆ ಉಳಿದವು ಅದನ್ನೇ ನೋಡಿ ಕಲಿತವು.

ಡ್ರಮ್ಮನ್ನು ಎರಡು ಕಲ್ಲುಕಂಬಗಳ ನಡುವೆ, ಎರಡು ಅಡಿ ಎತ್ತರದ ಚಪ್ಪಡಿಯ ಮೇಲೆ ನಿಲ್ಲಿಸಿ ತಂತಿಯಿಂದ ಬಿಗಿದಿದ್ದೇನೆ. ಮುಂಗಾರಿನಲ್ಲಿ ಅದರ ಬೆನ್ನು ಪಡುವಣಕ್ಕಿರುತ್ತದೆ, ಏಕೆಂದರೆ ಆಷಾಢದ ಗಾಳಿ ಬೀಸುವುದು ಆ ಕಡೆಯಿಂದ. ಹಿಂಗಾರು ಮಳೆ ಮೂಡಣದಿಂದ ಹೊಡೆಯುವುದರಿಂದ ಆಗ ತಂತಿ ಬಿಚ್ಚಿ ತಿರುಗಿಸಬೇಕಾಗುತ್ತದೆ. ತಳದಲ್ಲಿ ನಾಲ್ಕು ತೂತುಗಳಿವೆ. ಒಳಗೆ ಇಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಟಬ್ಬು ಕೂರುತ್ತದೆ, ಮಿಶ್ರಣ ಇರುವುದು ಆ ಟಬ್ಬಿನಲ್ಲಿ.

ಚಪ್ಪಡಿಯನ್ನು ಅಷ್ಟು ಎತ್ತರಕ್ಕೆ ಇಟ್ಟದ್ದು ಕುರಿಗಳಿಗಾಗಿ. ಗಾಯರಾಣಕ್ಕೆ ಕುರಿ ಹೊಡೆದುಕೊಂಡು ಬರುವ ಹಿರಿಯರೊಬ್ಬರು ಮೊದಲ ದಿನವೇ, "ಇದರಾಗ ನಮ್ಮ ಕುರಿ ಬಾಯಿ ಹಾಕಿದ್ರ ಏನಾರ ಆಗತೈತೇನಪಾ?" ಎಂದು ಕೇಳಿದರು. ಆಗುತ್ತದೆ. ದನಗಳ ಖನಿಜ ಮಿಶ್ರಣದಲ್ಲಿರುವ ತಾಮ್ರವನ್ನು ಕುರಿಯ ಮೈ ತಾಳಿಕೊಳ್ಳುವುದಿಲ್ಲ; ಅದು ಪಿತ್ತಕೋಶದ ನೆರೆಯ ಯಕೃತ್ತಿನಲ್ಲಿ ಸದ್ದಿಲ್ಲದೆ ಸೇರುತ್ತ ಹೋಗಿ, ಒಂದು ದಿನ ಇದ್ದಕ್ಕಿದ್ದಂತೆ ಕಾಮಾಲೆ, ಕೆಂಪು ಮೂತ್ರ ಕಾಣಿಸಿ ಕುರಿ ಸಾಯುತ್ತದೆ. ಕುರಿಗಳೇ ಜೀವನವಾಗಿರುವ ನಮ್ಮ ನಾಡಿನಲ್ಲಿ ಮತ್ತೊಬ್ಬರ ಹಿಂಡಿಗೆ ಇಂಥ ಕೇಡು ಮಾಡಿದರೆ ಯಾವ ಬಾಯಿಂದ ಉತ್ತರ ಕೊಡುವುದು? ಅದಕ್ಕೇ ಕಿಂಡಿಯ ಅಂಚು ನೆಲದಿಂದ ಮೂರು ಅಡಿ ಮೇಲಿದೆ, ಸುತ್ತ ಕುರಿ ಕಾಲಿಟ್ಟು ಹತ್ತುವಂಥ ಕಲ್ಲುಗಳನ್ನು ತೆಗೆದಿದ್ದೇನೆ. ಕರುಗಳಿಗೂ ಅದು ಎಟುಕುವುದಿಲ್ಲವಾದ್ದರಿಂದ ಅವುಗಳ ಪಾಲನ್ನು ಮನೆಯಲ್ಲೇ ತೌಡಿನಲ್ಲಿ ಕಲಸಿ ಕೊಡುತ್ತೇನೆ.

ದೊಡ್ಡ ಆಕಳಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪು ಎಂಬ ಲೆಕ್ಕದಲ್ಲಿ ನಾನು ಕಲಸುತ್ತೇನೆ. ದನ ತನಗೆ ಬೇಕಾದ ಖನಿಜವನ್ನು ತಾನೇ ಆರಿಸಿಕೊಳ್ಳುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದು ನಿಜವಾಗಿ ಹುಡುಕಿಕೊಂಡು ಬರುವುದು ಉಪ್ಪನ್ನು. ತಾಮ್ರ, ಸತುವೆಲ್ಲ ಉಪ್ಪಿನ ರುಚಿಯ ಜೊತೆಗೆ ಒಳಗೆ ಹೋಗುತ್ತವೆ. ಮಿಶ್ರಣಕ್ಕೆ ಯೂರಿಯಾ ಸೇರಿಸುವ ಸಲಹೆಯನ್ನು ಇಲ್ಲಿ ಪಾಲಿಸಬಾರದು, ಮಳೆನೀರಿನಲ್ಲಿ ಕರಗಿದ ಯೂರಿಯಾವನ್ನು ಕುಡಿದ ದನ ಬದುಕುವುದು ಕಷ್ಟ. ರಂಜಕ ಅಗ್ಗವಾಗುತ್ತದೆಂದು ಗೊಬ್ಬರದ ಸೂಪರ್ ಫಾಸ್ಫೇಟ್ ಬೆರೆಸುವುದೂ ಕೂಡದು. ಅದರಲ್ಲಿ ಫ್ಲೋರೈಡ್ ಇರುತ್ತದೆ, ನಮ್ಮ ಬೋರ್‌ವೆಲ್ ನೀರಿನಲ್ಲಿ ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚಿದೆ. ಹಲ್ಲು ಕಲೆಗಟ್ಟಿ ಸವೆದು, ಕಾಲು ಕುಂಟುವ ದನಗಳನ್ನು ನಮ್ಮ ಸುತ್ತಮುತ್ತ ಯಾರು ಬೇಕಾದರೂ ತೋರಿಸಬಲ್ಲರು. ಪಶು ಆಹಾರಕ್ಕೆಂದೇ ತಯಾರಿಸಿದ ಮಿಶ್ರಣವನ್ನಷ್ಟೇ ಕೊಳ್ಳಬೇಕು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಆಯಾ ಪ್ರದೇಶದ ಕೊರತೆಗೆ ತಕ್ಕ ಖನಿಜ ಮಿಶ್ರಣಗಳ ಬಗ್ಗೆ ಕೆಲಸ ಮಾಡಿದೆ. ನಮ್ಮ ಭಾಗಕ್ಕೆ ಯಾವುದು ಹೊಂದುತ್ತದೆಂದು ಪಶುವೈದ್ಯರನ್ನು ಕೇಳಿಯೇ ತರುವುದು ಒಳ್ಳೆಯದು.

ಎಲುಬು ಕಡಿಯುವುದು ಎರಡು ತಿಂಗಳಲ್ಲಿ ನಿಂತಿತು. ಡ್ರಮ್ಮು ಇಟ್ಟ ವಾರವೇ ಜಂತಿನ ಔಷಧವನ್ನೂ ಕುಡಿಸಿದ್ದರಿಂದ ಎಲ್ಲವೂ ಖನಿಜದ ಫಲವೆಂದು ನಾನು ಹೇಳಲಾರೆ.

ಪ್ರತಿ ಸೋಮವಾರ ಟಬ್ಬನ್ನು ಹೊರತೆಗೆದು ಕೊಕ್ಕೆಯ ತಕ್ಕಡಿಗೆ ಹಾಕುತ್ತೇನೆ. ಎಂಟು ದನಗಳ ಲೆಕ್ಕಕ್ಕೆ ವಾರದಲ್ಲಿ ಸುಮಾರು ನಾಲ್ಕೂವರೆ ಕಿಲೋ ಖಾಲಿಯಾಗಬೇಕು. ಕಳೆದ ವಾರ ಮೂರು ಕಿಲೋ ಕೂಡ ಆಗಿರಲಿಲ್ಲ. ಕೈ ಹಾಕಿ ನೋಡಿದರೆ ಮೇಲಿನ ಪದರ ತೇವ ಹಿಡಿದು ಗಟ್ಟಿಯಾಗಿತ್ತು, ಪರದೆಯ ಒಂದು ಮೂಲೆ ಬೋಲ್ಟು ಸಡಿಲಾಗಿ ಮಡಚಿಕೊಂಡಿತ್ತು. ಗಟ್ಟಿಯಾದುದನ್ನು ಒಡೆದು ಬಿಸಿಲಿಗೆ ಹರವಿ, ಬೋಲ್ಟಿನಡಿ ಅಗಲವಾದ ವಾಷರ್ ಹಾಕಿ ಬಿಗಿದು ಬಂದಿದ್ದೇನೆ. ಬರುವ ಸೋಮವಾರದ ತೂಕವನ್ನು ಕಾಯುತ್ತಿದ್ದೇನೆ.