ಗುಡ್ಡ ಅಗೆಯುವ ಕೆಲಸಕ್ಕೆ ಮಳೆಗಾಲದ ಷರತ್ತು ಬೇಕು

ಕರಾವಳಿಯಲ್ಲಿ ಗುಡ್ಡದ ಮೇಲೆ ಮನೆಯನ್ನೋ ವಸತಿ ಸಮುಚ್ಚಯವನ್ನೋ ಕಟ್ಟಲು ಹೊರಟವರು ಪಡೆಯಬೇಕಾದ ಅನುಮತಿಗಳು ಕಡಿಮೆಯೇನಲ್ಲ. ಕೃಷಿ ಜಮೀನಾಗಿದ್ದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆಯಾಗಬೇಕು. ಸ್ಥಳೀಯ ಸಂಸ್ಥೆಯಿಂದಲೋ ಯೋಜನಾ ಪ್ರಾಧಿಕಾರದಿಂದಲೋ ನಕ್ಷೆಗೆ ಮಂಜೂರಾತಿ ಸಿಗಬೇಕು. ಅಗೆದ ಮಣ್ಣನ್ನು ಟಿಪ್ಪರಿನಲ್ಲಿ ಹೊರಗೆ ಸಾಗಿಸುವುದಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರ್ಮಿಟ್ಟು, ರಾಜಧನಗಳ ಪ್ರಶ್ನೆ ಬರುತ್ತದೆ. ನಿರ್ಮಾಣದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿತೆಂದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಪೂರ್ವಾನುಮತಿಯೂ ಬೇಕು. ಆ ದೊಡ್ಡ ಯೋಜನೆಗಳ ಅನುಮತಿ ಪತ್ರದಲ್ಲಿ ಮೇಲ್ಮಣ್ಣನ್ನು ತೆಗೆದು ಕಾಪಿಡಬೇಕು, ಸಹಜವಾಗಿ ನೀರು ಹರಿಯುವ ದಾರಿಯನ್ನು ಕೆಡಿಸಬಾರದು ಎಂಬಂಥ ಷರತ್ತುಗಳಿರುತ್ತವೆ. ಆದರೆ ನಾನು ದಿನನಿತ್ಯ ನೋಡುವ ಗುಡ್ಡ ಅಗೆತಗಳಲ್ಲಿ ಹೆಚ್ಚಿನವು ಆ ಮಿತಿಯ ಕೆಳಗೇ ಉಳಿಯುತ್ತವೆ. ಅಂಥ ಕೆಲಸದ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ, ಹಿಟಾಚಿ ಮೊದಲ ಬಕೆಟ್ ಮಣ್ಣೆತ್ತಿದ ದಿನದಿಂದ ತಡೆಗೋಡೆ ಎದ್ದು ಹುಲ್ಲು ಹಿಡಿಯುವ ದಿನದವರೆಗೆ ಆ ಬತ್ತಲೆ ಮಣ್ಣನ್ನು ಮಳೆಯಿಂದ ಕಾಯುವ ಹೊಣೆ ಯಾರದು ಎಂಬುದಕ್ಕೆ ಸ್ಪಷ್ಟವಾದ ಉತ್ತರ ಸಿಗುವುದಿಲ್ಲ.

ನಮ್ಮ ಅನುಮತಿಗಳೆಲ್ಲ ಮುಗಿದ ಕಟ್ಟಡವನ್ನು ನೋಡುತ್ತವೆ: ಸುತ್ತ ಎಷ್ಟು ಜಾಗ ಬಿಟ್ಟಿದ್ದಾರೆ, ಎಷ್ಟು ಮಹಡಿ, ರಸ್ತೆ ಎಷ್ಟು ಅಗಲ. ಟಿಪ್ಪರಿನಲ್ಲಿ ಎಷ್ಟು ಮಣ್ಣು ಹೊರಗೆ ಹೋಯಿತು ಎಂಬ ಲೆಕ್ಕವನ್ನಾದರೂ ಕೇಳುವವರಿದ್ದಾರೆ. ನೀರಿನಲ್ಲಿ ಎಷ್ಟು ಹೋಯಿತು ಎಂದು ಕೇಳುವವರಿಲ್ಲ. ಸವಕಳಿಯ ದೃಷ್ಟಿಯಿಂದ ನಿರ್ಣಾಯಕವಾದದ್ದು ಕೆಲಸದ ನಡುವಿನ ತಿಂಗಳುಗಳು, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳು.

ದಕ್ಷಿಣ ಕನ್ನಡ, ಉಡುಪಿಗಳ ಮಣ್ಣನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೇಲೆ ಗಟ್ಟಿಯಾದ ಮುರಕಲ್ಲಿನ, ಎಂದರೆ ಕೆಂಪುಕಲ್ಲಿನ, ಪದರ. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಏಪ್ರಿಲ್‌ನಲ್ಲಿ ಶೇಡಿಯನ್ನು ನೆಟ್ಟಗೆ ಕಡಿದು ನಿಲ್ಲಿಸಿದರೆ ಅದು ಗೋಡೆಯ ಹಾಗೆಯೇ ನಿಲ್ಲುತ್ತದೆ, ಜಾಗದ ಯಜಮಾನರಿಗೂ ಧೈರ್ಯ ಬರುತ್ತದೆ. ನೀರು ಕುಡಿದ ಶೇಡಿ ಮಾತ್ರ ಬೇರೆಯೇ ವಸ್ತು. ಅದರ ಬಲವೆಲ್ಲ ಇಳಿದುಹೋಗುತ್ತದೆ, ನುಣುಪಾದ ಕಣಗಳು ನೀರಿನೊಂದಿಗೆ ಬೆರೆತು ಹರಿಯತೊಡಗುತ್ತವೆ, ಮೇಲಿನ ಮುರಕಲ್ಲು ಆಧಾರ ತಪ್ಪಿ ಹಲಗೆ ಹಲಗೆಯಾಗಿ ಕಳಚಿ ಬೀಳುತ್ತದೆ. ಮುರಕಲ್ಲು ಇರುವವರೆಗೆ ಗುಡ್ಡಕ್ಕೊಂದು ಮುಚ್ಚಳವಿತ್ತು. ಸೈಟು ಮಟ್ಟ ಮಾಡುವ ಮೊದಲ ವಾರದಲ್ಲೇ ನಾವು ಆ ಮುಚ್ಚಳವನ್ನು ತೆಗೆಯುತ್ತೇವೆ. ತೊಳೆದುಹೋದ ಮಣ್ಣು ಕೆಳಗಿನವರ ತೋಡಿನಲ್ಲಿ, ಅಡಿಕೆ ತೋಟದ ಕಣಿಗಳಲ್ಲಿ (ನೀರು ಹರಿಯುವ ಕಾಲುವೆಗಳಲ್ಲಿ), ಕಡೆಗೆ ಹೊಳೆಯಲ್ಲಿ ತಂಗುತ್ತದೆ. ಕಣಿ ತುಂಬಿದ ತೋಟದಲ್ಲಿ ನೀರು ನಿಂತು ಅಡಿಕೆ ಮರಗಳ ಬೇರು ಕೊಳೆಯುವ ನಷ್ಟ ಯಾವ ನಿರ್ಮಾಣದ ಲೆಕ್ಕಪತ್ರದಲ್ಲೂ ಕಾಣಿಸಿಕೊಳ್ಳುವುದಿಲ್ಲ ಎಂಬುದು ನನ್ನನ್ನು ಬಹಳವಾಗಿ ಕಾಡುವ ಸಂಗತಿ.

ಈ ನಡುವಿನ ಅವಧಿಯನ್ನೇ ಗುರಿಯಾಗಿಸಿಕೊಂಡ ಅನುಮತಿ ಹೇಗಿರುತ್ತದೆ ಎಂಬುದಕ್ಕೆ ಅಮೆರಿಕದ ಪದ್ಧತಿ ಒಳ್ಳೆಯ ಉದಾಹರಣೆ. ಅಲ್ಲಿನ ಶುದ್ಧ ಜಲ ಕಾಯ್ದೆಯ ಪ್ರಕಾರ ಒಂದು ಎಕರೆ ಅಥವಾ ಅದಕ್ಕಿಂತ ಹೆಚ್ಚು ನೆಲವನ್ನು ಕೆದಕುವ ನಿರ್ಮಾಣಕ್ಕೆ ಮಳೆನೀರಿನ ಪರವಾನಗಿ ಬೇಕು. ಹೆಚ್ಚಿನ ರಾಜ್ಯಗಳು ಅದನ್ನು ತಾವೇ ಕೊಡುತ್ತವೆ, ಉಳಿದೆಡೆ ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆಯ ಸಾಮಾನ್ಯ ಪರವಾನಗಿ ಅನ್ವಯಿಸುತ್ತದೆ. ಆ ಕೇಂದ್ರ ಪರವಾನಗಿಯಡಿ, ನೆಲ ಕೆದಕುವ ಮೊದಲೇ ಸವಕಳಿ ತಡೆಯ ಯೋಜನೆ ಲಿಖಿತವಾಗಿ ಸಿದ್ಧವಿರಬೇಕು. ಏಳು ದಿನಕ್ಕೊಮ್ಮೆ, ಇಲ್ಲವೇ ಹದಿನಾಲ್ಕು ದಿನಕ್ಕೊಮ್ಮೆ ಮತ್ತು ಕಾಲು ಇಂಚು ಮಳೆ ಬಿದ್ದ 24 ಗಂಟೆಗಳೊಳಗೆ, ತಿಳಿವಳಿಕೆಯುಳ್ಳವರೊಬ್ಬರು ಸೈಟನ್ನು ಪರಿಶೀಲಿಸಿ ಬರೆದಿಡಬೇಕು. ಯಾವುದೇ ಭಾಗದಲ್ಲಿ ಹದಿನಾಲ್ಕು ದಿನ ಅಥವಾ ಅದಕ್ಕಿಂತ ಹೆಚ್ಚು ಕೆಲಸ ನಿಲ್ಲುವುದಿದ್ದರೆ ಆ ಭಾಗವನ್ನು ಹುಲ್ಲಿನಿಂದಲೋ ಹೊದಿಕೆಯಿಂದಲೋ ಭದ್ರಪಡಿಸುವ ಕೆಲಸ ಕೂಡಲೇ ಆರಂಭವಾಗಬೇಕು. ಈ ಕೊನೆಯ ನಿಯಮವೇ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ತೋರುತ್ತದೆ. ಹಣದ ಅಡಚಣೆಯಿಂದಲೋ ವ್ಯಾಜ್ಯದಿಂದಲೋ ಅರ್ಧಕ್ಕೆ ನಿಂತ ಅಗೆತಗಳೇ ನಮ್ಮಲ್ಲಿ ಅತಿ ಹೆಚ್ಚು ಹಾನಿ ಮಾಡುವಂಥವು.

ಆದರೆ ಅಲ್ಲಿನ ಅಳತೆಗಳನ್ನು ಹಾಗೆಯೇ ಇಲ್ಲಿಗೆ ತಂದರೆ ಪ್ರಯೋಜನವಿಲ್ಲ. ಅಲ್ಲಿ ಹೂಳು ತಂಗುವ ಹೊಂಡಕ್ಕೆ ಒಂದು ಎಕರೆಗೆ 3,600 ಘನ ಅಡಿ ಎಂಬ ಲೆಕ್ಕವೊಂದಿದೆ. ಹೆಚ್ಚುಕಡಿಮೆ ಒಂದು ಇಂಚು, ಎಂದರೆ 25 ಮಿಲಿಮೀಟರ್, ಮಳೆನೀರನ್ನು ಹಿಡಿಯುವಷ್ಟು. ಜುಲೈನ ಜಡಿಮಳೆಯಲ್ಲಿ ಕರಾವಳಿಯಲ್ಲಿ ಒಂದೇ ದಿನ 100 ಮಿಲಿಮೀಟರ್ ಬೀಳುವುದು ಯಾರಿಗೂ ಆಶ್ಚರ್ಯದ ಸಂಗತಿಯಲ್ಲ; ಅಷ್ಟು ಮಳೆ ಒಂದು ಎಕರೆಯ ಮೇಲೆ ಬಿದ್ದರೆ ಅದು ನಾಲ್ಕು ಲಕ್ಷ ಲೀಟರ್ ನೀರು. ಶೇಡಿಯ ನುಣುಪು ಕಣಗಳಿಗೆ ಆ ಹೊಂಡದಲ್ಲಿ ಕೆಳಗಿಳಿಯಲು ಪುರುಸೊತ್ತೇ ಇರುವುದಿಲ್ಲ. ಆದ್ದರಿಂದ ನಮ್ಮ ನಿಯಮದ ತಿರುಳು ಹೊಂಡದ ಗಾತ್ರಕ್ಕಿಂತ ಕ್ಯಾಲೆಂಡರಿನಲ್ಲಿರಬೇಕು: ಮೇ ಕೊನೆಯೊಳಗೆ ಮುಚ್ಚಿ ಭದ್ರಪಡಿಸಲು ಸಾಧ್ಯವಾಗುವಷ್ಟು ನೆಲವನ್ನು ಮಾತ್ರ ಅಗೆಯಬೇಕು.

ನಮ್ಮಲ್ಲಿ ನಿಯಮಗಳೇ ಇಲ್ಲವೆಂದು ಹೇಳುವುದೂ ತಪ್ಪಾಗುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ರಸ್ತೆ ಮತ್ತು ಸೇತುವೆ ಕಾಮಗಾರಿಗಳ ನಿರ್ದಿಷ್ಟತೆಗಳಲ್ಲಿ 306ನೇ ಕಲಮು ಪೂರ್ತಿಯಾಗಿ ಮಣ್ಣಿನ ಸವಕಳಿ ಮತ್ತು ಹೂಳಿನ ನಿಯಂತ್ರಣಕ್ಕೇ ಮೀಸಲಾಗಿದೆ. ಗುತ್ತಿಗೆದಾರರು ಕೆಲಸ ಆರಂಭಿಸುವ ಮುನ್ನ ತಾತ್ಕಾಲಿಕ ಮತ್ತು ಶಾಶ್ವತ ಸವಕಳಿ ತಡೆ ಕೆಲಸಗಳ ವೇಳಾಪಟ್ಟಿಯನ್ನು ಎಂಜಿನಿಯರಿಗೆ ಸಲ್ಲಿಸಿ ಒಪ್ಪಿಗೆ ಪಡೆಯಬೇಕೆಂದು ಅದು ಹೇಳುತ್ತದೆ. ಇಳಿಜಾರುಗಳಿಗೆ ಹುಲ್ಲು, ನಾರಿನ ಬಲೆ ಮುಂತಾದ ಉಪಚಾರಗಳಿಗಾಗಿ ಭಾರತೀಯ ರಸ್ತೆ ಕಾಂಗ್ರೆಸ್ಸಿನ 56ನೇ ಸಂಹಿತೆಯಿದೆ. ತೊಡಕಿರುವುದು ಹಣದಲ್ಲಿ. ತಾತ್ಕಾಲಿಕ ಹೂಳು ತಡೆ ಕೆಲಸಗಳನ್ನು ಮಣ್ಣಿನ ಕೆಲಸದ ದರದಲ್ಲೇ ಸೇರಿದವೆಂದು ಭಾವಿಸಿ, ಅವಕ್ಕೆ ಪ್ರತ್ಯೇಕ ಪಾವತಿ ಇಲ್ಲವೆನ್ನುವುದು ರೂಢಿ. ಬಿಲ್ಲಿನಲ್ಲಿ ಸಾಲಿಲ್ಲದ ಕೆಲಸ ಸೈಟಿನಲ್ಲಿ ಆಗುವುದಿಲ್ಲ ಎಂಬುದನ್ನು ಈ ವೃತ್ತಿಯಲ್ಲಿರುವ ಯಾರೂ ಅಲ್ಲಗಳೆಯಲಾರರು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು, ಹೆದ್ದಾರಿಯನ್ನು ದಾಟಿ ಗಂಗಾವಳಿ ನದಿಯವರೆಗೆ ಜಾರಿ ಜೀವಗಳನ್ನು ಬಲಿ ತೆಗೆದುಕೊಂಡ ಮೇಲೆ ಗುಡ್ಡ ಕಡಿಯುವ ಬಗ್ಗೆ ಮಾತು ಜೋರಾಯಿತು. ಅಂಥ ಆಳವಾದ ಕುಸಿತವೂ ಮೇಲ್ಮೈ ಸವಕಳಿಯೂ ಒಂದೇ ಅಲ್ಲ. ಮೊದಲನೆಯದಕ್ಕೆ ಭೂವಿಜ್ಞಾನಿಗಳ ತನಿಖೆ ಬೇಕು, ಲಾವಂಚ ನೆಟ್ಟು ಅದನ್ನು ನಿಲ್ಲಿಸಲಾಗದು. ಆದರೂ ಎರಡಕ್ಕೂ ನೀರೇ ದಾರಿ, ಕಡಿದ ಬರೆಯ, ಎಂದರೆ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಮುಖದ, ನೆತ್ತಿಯ ಮೇಲೆ ನೀರನ್ನು ತಿರುಗಿಸುವ ಕಣಿ ಎರಡಕ್ಕೂ ಬೇಕಾದದ್ದು.

ಆ ಕಣಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮಂಗಳೂರಿನ ಹೊರವಲಯದಲ್ಲಿ ನಾನು ನೋಡಿಕೊಳ್ಳುವ ಸೈಟುಗಳಲ್ಲಿ, ಬರೆಯ ಅಂಚಿನಿಂದ ಕೆಲವು ಅಡಿ ಹಿಂದಕ್ಕೆ ಕಣಿ ತೋಡಿಸಿ ಅದಕ್ಕೆ ಸಿಮೆಂಟಿನ ಇಲ್ಲವೇ ದಪ್ಪ ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿಸುತ್ತೇನೆ. ಹೊದಿಕೆಯಿಲ್ಲದ ಕಣಿ ಶೇಡಿಯೊಳಕ್ಕೆ ನೀರನ್ನು ಊಡಿಸುತ್ತದೆ, ಅದರ ಬದಲು ಕಣಿಯೇ ಇಲ್ಲದಿರುವುದು ಮೇಲು. ನೀರು ಇಳಿಯುವ ಜಾಗದಲ್ಲಿ ಕೆಂಪುಕಲ್ಲಿನ ಮೆಟ್ಟಿಲುಗಳು, ಬುಡದಲ್ಲಿ ಎರಡು ಅಂಕಣದ ಹೂಳುಗುಂಡಿ; ಮೊದಲ ಅಂಕಣ ಅರ್ಧ ತುಂಬಿದೊಡನೆ ಅದನ್ನು ಎತ್ತಿಸಬೇಕು. ಬರೆಯನ್ನು ಒಂದೇ ಏಟಿಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ತೆಂಗಿನ ನಾರಿನ ಬಲೆ ಹಾಸಿ, ಮೇ ತಿಂಗಳ ಮೊದಲ ಮಳೆಗೆ ಲಾವಂಚದ ಬುಡಗಳನ್ನು ಒತ್ತೊತ್ತಾಗಿ ನೆಟ್ಟರೆ ಜುಲೈ ಹೊತ್ತಿಗೆ ಬೇರು ಹಿಡಿದಿರುತ್ತದೆ. ಅಷ್ಟಕ್ಕೆ ಸಮಯವಿಲ್ಲದ ಭಾಗಕ್ಕೆ ಟಾರ್ಪಲೇ ಗತಿ. ಮೇಲಿನ ಹಾಳೆ ಕೆಳಗಿನ ಹಾಳೆಯ ಮೇಲೆ ಬರುವಂತೆ ಹಾಸಿ, ಮರಳಿನ ಚೀಲ ಹೇರಬೇಕು. ಇವೆಲ್ಲ ಇಲ್ಲಿನ ಕೂಲಿಯವರಿಗೆ ಗೊತ್ತಿರುವ ಕೆಲಸಗಳೇ.

ನಕ್ಷೆ ಮಂಜೂರು ಮಾಡುವ ಸಂಸ್ಥೆಗಳು ಇದಕ್ಕಾಗಿ ಹೊಸ ಇಲಾಖೆಯನ್ನೇನೂ ತೆರೆಯಬೇಕಾಗಿಲ್ಲ. ಇಳಿಜಾರಿನ ಜಾಗವಾದರೆ ಕಟ್ಟಡದ ನಕ್ಷೆಯೊಂದಿಗೆ ಮಣ್ಣಿನ ಕೆಲಸದ ತಿಂಗಳವಾರು ಪಟ್ಟಿಯನ್ನೂ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬ ರೇಖಾಚಿತ್ರವನ್ನೂ ಕೇಳುವುದು, ಮೇ ಕೊನೆಯ ವಾರದಲ್ಲಿ ಒಬ್ಬ ಎಂಜಿನಿಯರು ಸ್ಥಳಕ್ಕೆ ಬಂದು ಸಹಿ ಹಾಕುವುದು, ಅರ್ಜಿದಾರರಿಂದ ಒಂದಿಷ್ಟು ಠೇವಣಿ ಇರಿಸಿಕೊಂಡು ಸೆಪ್ಟೆಂಬರ್ ಮುಗಿದ ಮೇಲೆ ಕೆಳಗಿನ ತೋಡನ್ನು ನೋಡಿ ಮರಳಿಸುವುದು ಸಾಕು. ಅಲ್ಲಿಯವರೆಗೆ ನಾವು ಎಂಜಿನಿಯರುಗಳು ಮಾಡಬಹುದಾದದ್ದೂ ಇದೆ: ಕಣಿ, ಹೂಳುಗುಂಡಿ, ನಾರಿನ ಬಲೆ, ಲಾವಂಚ, ಟಾರ್ಪಲ್, ಹೂಳೆತ್ತುವ ಕೂಲಿ, ಇವುಗಳಲ್ಲಿ ಒಂದೊಂದಕ್ಕೂ ಎಸ್ಟಿಮೇಟಿನಲ್ಲಿ ಬೇರೆ ಬೇರೆ ಸಾಲು, ಅಳತೆ ಮತ್ತು ದರ ಬರೆದು, ಅಗೆತದ ಮೊದಲ ಬಿಲ್ಲಿನ ಜೊತೆಗೇ ಅವುಗಳ ಬಿಲ್ಲೂ ಪಾಸಾಗಬೇಕೆಂದು ಕರಾರಿನಲ್ಲಿ ಸೇರಿಸುವುದು.