ದೇವರಾಯನದುರ್ಗದ ಹಾದಿಯಲ್ಲಿ ಬಚ್ಚಿಟ್ಟ ಡಬ್ಬಿ ಹುಡುಕುವವರಿಗೆ

ಲೆಟರ್‌ಬಾಕ್ಸಿಂಗ್ ಎಂದರೆ ಬಚ್ಚಿಟ್ಟ ಡಬ್ಬಿಯನ್ನು ಸುಳಿವು ಹಿಡಿದು ಹುಡುಕುವ ಆಟ. ಇಲ್ಲಿ ಲೆಟರ್‌ಬಾಕ್ಸ್ ಎಂದರೆ ಅಂಚೆ ಇಲಾಖೆಯ ಕೆಂಪು ಡಬ್ಬಿಯಲ್ಲ. ಊಟದ ಡಬ್ಬಿಯಷ್ಟಿರುವ, ನೀರಿಳಿಯದ ಪೆಟ್ಟಿಗೆ. ಒಳಗೆ ಒಂದು ರಬ್ಬರ್ ಮೊಹರು, ಒಂದು ಪುಟ್ಟ ನೋಟ್‌ಬುಕ್. ಬಳಗದಲ್ಲಿ ಒಬ್ಬರು ಅದನ್ನು ಬಚ್ಚಿಡುತ್ತಾರೆ, ಉಳಿದವರು ಸುಳಿವಿನ ಚೀಟಿ ಹಿಡಿದು ಹೊರಡುತ್ತಾರೆ. ಸಿಕ್ಕಿದರೆ ಅದರ ಮೊಹರನ್ನು ನಿಮ್ಮ ಪುಸ್ತಕದಲ್ಲೂ ನಿಮ್ಮ ಮೊಹರನ್ನು ಅದರ ಪುಸ್ತಕದಲ್ಲೂ ಒತ್ತಿ, ಇದ್ದಲ್ಲೇ ಇಟ್ಟು ಬರುವುದು. ಅದರಿಂದ ಏನನ್ನೂ ತರುವಂತಿಲ್ಲ.

ಆಟ ಹುಟ್ಟಿದ್ದು ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಲ್ಲಿ. 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಕ್ರ್ಯಾನ್‌ಮಿಯರ್ ಪೂಲ್ ಎಂಬಲ್ಲಿ ಒಂದು ಬಾಟಲಿ ಇಟ್ಟ, ಅಷ್ಟು ದೂರ ನಡೆದು ಬಂದವರು ತಮ್ಮ ಕಾರ್ಡು ಹಾಕಿ ಹೋಗಲಿ ಎಂದು. ಮುಂದೆ ಜನ ವಿಳಾಸ ಬರೆದ ಕಾರ್ಡು ಬಿಟ್ಟು ಹೋಗುವುದು, ಆಮೇಲೆ ಬಂದವರು ಅದನ್ನು ಅಂಚೆಗೆ ಹಾಕುವುದು ರೂಢಿಯಾಯಿತು. ಹೆಸರು ಬಂದದ್ದು ಹಾಗೆ. ಆದರೆ ಡಾರ್ಟ್‌ಮೂರಿನ ಲೆಕ್ಕ ತುಮಕೂರಿಗೆ ಹೊಂದದು. ಅದು ತೆರೆದ ಬಯಲು. ದೇವರಾಯನದುರ್ಗದ ಸುತ್ತ ಇರುವುದು ಕರಡಿ, ಚಿರತೆ ಓಡಾಡುವ ಸರ್ಕಾರಿ ಕಾಡು. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಹಾಗಾಗಿ ಇಲ್ಲಿ ಡಬ್ಬಿ ಇಡಬೇಕಾದದ್ದು ಜನ ನಡೆಯುವ ಹಾದಿಯ ಅಂಚಿನಲ್ಲಿ, ಕೈಗೆಟಕುವಷ್ಟು ದೂರದಲ್ಲಿ, ಇಲ್ಲವೇ ಒಪ್ಪಿಗೆ ಕೊಟ್ಟವರ ಸ್ವಂತ ತೋಟದಲ್ಲಿ. ಸುಳಿವು ನಿಮ್ಮನ್ನು ಲಂಟಾನದ ಪೊದೆಯೊಳಕ್ಕೆ ಎಳೆಯುತ್ತಿದೆ ಎಂದಾದರೆ, ಹತ್ತರಲ್ಲಿ ಒಂಬತ್ತು ಸಲ ಓದಿದ್ದು ತಪ್ಪಿದೆ. ಹತ್ತನೆಯದರಲ್ಲಿ ಇಟ್ಟವರೇ ತಪ್ಪಿದ್ದಾರೆ. ಎರಡಕ್ಕೂ ಪರಿಹಾರ ಒಂದೇ: ಹಿಂದಿರುಗಿ.

ತುಮಕೂರಿನಿಂದ ಬೆಟ್ಟಕ್ಕೆ ಸುಮಾರು 15 ಕಿಲೋಮೀಟರ್, ದಾರಿಯಲ್ಲಿ ನಾಮದ ಚಿಲುಮೆ. ಬೆಂಗಳೂರಿನವರು ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಊರ್ಡಿಗೆರೆ ಕಡೆಯಿಂದ ಬರಬಹುದು. ಬಸ್ಸಿನಲ್ಲಿ ಬಂದರೆ ಇಳಿಯುವಾಗಲೇ ಕೊನೆಯ ಬಸ್ಸಿನ ಹೊತ್ತು ಕಂಡಕ್ಟರ್ ಹತ್ತಿರ ಕೇಳಿಕೊಳ್ಳಿ. ಕರಡಿ ಓಡಾಡುವುದು ಹೆಚ್ಚಾಗಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಬೆಳಗ್ಗೆ ಎಂಟೂವರೆಯ ನಂತರ ಹುಡುಕಾಟ ಶುರುಮಾಡಿ, ನಾಲ್ಕಕ್ಕೆ ಇಳಿದುಬಿಡಿ. ಫಾಲ್ಗುಣದ ರಥೋತ್ಸವದ ದಿನಗಳಲ್ಲಿ ಬೇಡ, ಆ ಜನಸಂದಣಿಯಲ್ಲಿ ಗುಟ್ಟಾಗಿ ಕಲ್ಲು ಸರಿಸಲು ಆಗದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹುಲ್ಲು ಒಣಗಿ ಬೆಂಕಿಯ ಭಯ ಇರುತ್ತದೆ. ಮಳೆ ನಿಂತು ಜನವರಿ ಮುಗಿಯುವವರೆಗಿನ ಕಾಲ ಒಳ್ಳೆಯದು.

ಸುಳಿವನ್ನು ಮನೆಯಲ್ಲೇ ಬಿಡಿಸಿ. ಅಭ್ಯಾಸಕ್ಕೆಂದು ಕಟ್ಟಿದ ಒಂದು ಇಲ್ಲಿದೆ (ಇದನ್ನು ಹಿಡಿದು ಹುಡುಕಲು ಹೋಗಬೇಡಿ, ಅಲ್ಲೇನೂ ಇಲ್ಲ): “ತಿಲಕಕ್ಕೆ ನೀರು ಚಿಮ್ಮಿದ ಕಲ್ಲು ದಾಟಿ ಜಡಕನ ಕೋಟೆಗೆ ಬಾ. ಎರಡು ಹೊಳೆಯ ತವರಿನಲ್ಲಿ ಭೋಗ ಬಿಟ್ಟು ಯೋಗದ ಕಡೆ ಏರು. ಒಂಟಿ ಬಂಡೆಗೆ ಬೆನ್ನು ಕೊಟ್ಟು 240 ಡಿಗ್ರಿ, 40 ಜೋಡಿ ಹೆಜ್ಜೆ.” ರಾಮ ಬಾಣ ಬಿಟ್ಟು ನೀರು ಬರಿಸಿದನೆಂಬ ಐತಿಹ್ಯದ ನಾಮದ ಚಿಲುಮೆ ಮೊದಲನೆಯದು. ಚಿಕ್ಕದೇವರಾಜ ಒಡೆಯರ ಹೆಸರು ಬರುವ ಮುಂಚೆ ಈ ದುರ್ಗ ಜಡಕನ ದುರ್ಗವಾಗಿತ್ತು. ಕಾವೇರಿ ಸೇರುವ ಶಿಂಷಾ, ಉತ್ತರ ಪಿನಾಕಿನಿ ಸೇರುವ ಜಯಮಂಗಲಿ ಎರಡೂ ಈ ಬೆಟ್ಟಸಾಲಿನವು. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಇಷ್ಟನ್ನು ಕುರ್ಚಿಯಲ್ಲಿ ಕೂತೇ ಮುಗಿಸಬಹುದು. ಕಾಲಿಗೆ ಕೆಲಸ ಕೊಡುವುದು ಕೊನೆಯ ಸಾಲು, ಜನ ಸೋಲುವುದೂ ಅಲ್ಲೇ.

ಜೋಡಿ ಹೆಜ್ಜೆ ಎಂದರೆ ಬಲಗಾಲು ಊರಿದಾಗ ಮಾತ್ರ ಎಣಿಸುವುದು. ಹೊರಡುವ ಮುಂಚೆ ಟೇಪು ಹಿಡಿದು 50 ಮೀಟರ್ ಅಳೆದು ನಡೆದು ನೋಡಿ. ಹೆಚ್ಚಿನವರಿಗೆ 100 ಮೀಟರಿಗೆ 60ರಿಂದ 70 ಬರುತ್ತದೆ. ಏರಿನಲ್ಲಿ ಹೆಜ್ಜೆ ಗಿಡ್ಡವಾಗುವುದರಿಂದ ಎಣಿಕೆ ಬೇಗ ಮುಗಿದು ಡಬ್ಬಿಗಿಂತ ಮುಂಚೆಯೇ ನಿಂತುಬಿಡುತ್ತೀರಿ. ಆಗ ಎಡಬಲ ಹುಡುಕುವ ಬದಲು ಅದೇ ದಿಕ್ಕಿನಲ್ಲಿ ಇನ್ನೂ ಐದಾರು ಹೆಜ್ಜೆ ಹಾಕಿ. ದಿಕ್ಕಿನಲ್ಲಿ 5 ಡಿಗ್ರಿ ತಪ್ಪಿದರೆ 100 ಮೀಟರಿನಲ್ಲಿ ಸುಮಾರು 9 ಮೀಟರ್ ಆಚೆ ಹೋಗಿರುತ್ತೀರಿ. ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮ ಕಡೆ ವ್ಯತ್ಯಾಸ 2 ಡಿಗ್ರಿಗೂ ಕಡಿಮೆ, ಅದನ್ನು ಮರೆತುಬಿಡಿ. ಮರೆಯಬಾರದ್ದು ಮೊಬೈಲಿನ ಕವರು. ಅದರಲ್ಲಿ ಅಯಸ್ಕಾಂತದ ಗುಂಡಿ ಇದ್ದರೆ ದಿಕ್ಸೂಚಿ ಹೇಳುವುದೆಲ್ಲ ಸುಳ್ಳು. ಕವರು ಬಿಚ್ಚಿ, ಗಾಳಿಯಲ್ಲಿ ಇಂಗ್ಲಿಷಿನ ಎಂಟು ಬರೆದಂತೆ ಫೋನನ್ನು ತಿರುಗಿಸಿ, ಕಬ್ಬಿಣದ ಕಟಾಂಜನದಿಂದ ನಾಲ್ಕು ಹೆಜ್ಜೆ ದೂರ ನಿಂತು ನೋಡಿ.

ಬಂಡೆಯ ಸಂದಿಗೆ ಬರಿಗೈ ಹಾಕಲೇಬಾರದು. ಮೊದಲು ಕೋಲಿನಿಂದ ತಟ್ಟಿ, ಟಾರ್ಚು ಬಿಟ್ಟು ನೋಡಿ. ಕಲ್ಲು ಎತ್ತಬೇಕಾದರೆ ಆಚೆ ಅಂಚನ್ನು ಹಿಡಿದು ನಿಮ್ಮ ಕಡೆಗೆ ಎತ್ತಿ; ಒಳಗೆ ಚೇಳೋ ಕೊಳಕುಮಂಡಲವೋ ಇದ್ದರೆ ನಿಮಗೂ ಅದಕ್ಕೂ ನಡುವೆ ಕಲ್ಲೇ ಅಡ್ಡವಿರುತ್ತದೆ. ತಲೆಯ ಮೇಲೂ ಒಮ್ಮೆ ನೋಡಿ: ಬಂಡೆಗೆ ಹೆಜ್ಜೇನು ಕಟ್ಟಿದ್ದರೆ ಮಾತಿಲ್ಲದೆ ಹಿಂದಕ್ಕೆ ಸರಿಯಿರಿ. ಕೋಟೆ ಗೋಡೆಯ ಕಲ್ಲನ್ನಂತೂ ಮುಟ್ಟಬೇಡಿ, ಅಲ್ಲಿ ಬಚ್ಚಿಡುವುದೇ ತಪ್ಪು.

ಚೀಲದಲ್ಲಿ ಇರಬೇಕಾದದ್ದು ಸ್ವಲ್ಪವೇ: ತಲೆಗೆ ಎರಡು ಲೀಟರ್ ನೀರು, ಪುಸ್ತಕ, ಪೆನ್ಸಿಲ್ (ಜೆಲ್ ಪೆನ್ನಿನ ಬರಹ ತೇವಕ್ಕೆ ಹರಡುತ್ತದೆ), ಮೊಹರು, ಸ್ಟ್ಯಾಂಪ್ ಪ್ಯಾಡ್, ಒಣ ಬಟ್ಟೆ. ಮೊಹರನ್ನು ಶಾಲೆಮಕ್ಕಳ ಅಳಿಸುವ ರಬ್ಬರಿನಲ್ಲೇ ಕೆತ್ತಬಹುದು. ಬಟರ್ ಪೇಪರಿನಲ್ಲಿ ಪೆನ್ಸಿಲಿನಿಂದ ಚಿತ್ರ ಬರೆದು, ಮಗುಚಿ ರಬ್ಬರಿನ ಮೇಲೆ ಉಜ್ಜಿದರೆ ಅಕ್ಷರಗಳು ತಿರುಗುಮುರುಗಾಗಿ ಇಳಿಯುತ್ತವೆ. ಗೀಟು ಬಿಟ್ಟು ಉಳಿದದ್ದನ್ನು ಬ್ಲೇಡಿನಿಂದ ಎರಡು ಮಿಲಿಮೀಟರ್ ಆಳ ತೆಗೆಯಿರಿ. ಒತ್ತಕ್ಷರ ಕೆತ್ತುವ ಸಾಹಸ ಮೊದಲ ಸಲಕ್ಕೆ ಬೇಡ. ಪ್ಯಾಡ್ ಬಿಸಿಲಿಗೆ ಒಣಗಿದ್ದರೆ ಸ್ಕೆಚ್ ಪೆನ್ನಿನಿಂದ ಮೊಹರಿಗೇ ಬಣ್ಣ ಬಳಿದು ಒತ್ತಿ, ಕೆಲಸ ಆಗುತ್ತದೆ.

ಡಬ್ಬಿಯನ್ನು ಸಿಕ್ಕಿದ ಜಾಗದಲ್ಲೇ ಕೂತು ಬಿಚ್ಚಬೇಡಿ. ನಾಲ್ಕು ಮಾರು ಈಚೆ ತನ್ನಿ, ಬೇರೆಯವರಿಗೆ ಗುಟ್ಟು ತಿಳಿಯುವುದಿಲ್ಲ. ಕೋತಿಗಳು ಹತ್ತಿರವಿದ್ದರೆ ಅವು ಹೋಗುವವರೆಗೆ ಕಾಯಿರಿ. ಸರಸರ ಸದ್ದು ಮಾಡುವ ಪ್ಲಾಸ್ಟಿಕ್ ಕವರು ಅವಕ್ಕೆ ತಿಂಡಿಯ ಪೊಟ್ಟಣವೇ. ಡಬ್ಬಿಯೊಳಗೆ ಚಾಕೊಲೇಟ್ ಇಡುವ ಪುಣ್ಯಾತ್ಮರು ಇದ್ದಾರೆ, ಅಂಥ ಡಬ್ಬಿ ವಾರವೂ ಉಳಿಯದು. ಮುಚ್ಚುವಾಗ ಮುಚ್ಚಳದ ರಬ್ಬರ್ ಪಟ್ಟಿಯನ್ನು ಒಣ ಬಟ್ಟೆಯಲ್ಲಿ ಒರೆಸಿ. ಒಂದೇ ಮರಳಿನ ಕಾಳು ಸಿಕ್ಕಿಕೊಂಡರೂ ಸಾಕು, ಆ ಸಂದಿಯಿಂದ ಮಳೆನೀರು ಇಳಿದು ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ದೇವಸ್ಥಾನದ ಹಾದಿಯಲ್ಲಿ ಅನಾಮಧೇಯ ಪೆಟ್ಟಿಗೆ ಕಂಡರೆ ಜನ ಗಾಬರಿಯಾಗುತ್ತಾರೆ. ಹಾಗಾಗಿ ಪಾರದರ್ಶಕ ಡಬ್ಬಿ, ಮೇಲೆ “ಹುಡುಕಾಟದ ಆಟದ ಡಬ್ಬಿ, ದಯವಿಟ್ಟು ಇಲ್ಲೇ ಬಿಡಿ” ಎಂಬ ಕನ್ನಡದ ಚೀಟಿ. ಚೀಟಿ ಅಳಿಸಿದ್ದರೆ ಮತ್ತೆ ಬರೆದು ಅಂಟಿಸಿ.

ಅರ್ಧ ಗಂಟೆ ಹುಡುಕಿಯೂ ಸಿಗದಿದ್ದರೆ ಸುತ್ತಲಿನ ಕಲ್ಲೆಲ್ಲ ಮಗುಚುವುದು ಬೇಡ. ಸುಳಿವಿನ ಯಾವ ಸಾಲಿನವರೆಗೆ ಸರಿಹೋಯಿತು, ಎಲ್ಲಿ ತಪ್ಪಿತು ಎಂದು ಬರೆದುಕೊಂಡು ಇಟ್ಟವರಿಗೆ ಫೋನು ಮಾಡಿ. “ಮೂರನೆಯ ಮರ” ಎಂದು ಬರೆದಿದ್ದ ಕಡೆ ಒಂದು ಮರ ಬಿದ್ದಿರಬಹುದು, ಬೋರ್ಡಿಗೆ ಹೊಸ ಬಣ್ಣ ಬಂದಿರಬಹುದು.