ಗ್ಯಾಂಟನ್‌ನಲ್ಲಿ ರಾತ್ರಿಯಿಡೀ ಫೈಲ್

ನನಗೆ ಗಾಲ್ಫ್ ಬರುವುದಿಲ್ಲ. ಬೆಂಗಳೂರಿನಲ್ಲಿದ್ದಾಗ ಸ್ಯಾಂಕಿ ರಸ್ತೆಯ ಗಾಲ್ಫ್ ಕ್ಲಬ್ಬನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೆ, ಅಷ್ಟೇ. ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಸಮುದ್ರ ನೋಡೋಣ ಅಂತ ಸ್ಕಾರ್ಬರೋ ಕಡೆ ಹೊರಟರೆ ಎ64 ರಸ್ತೆಯಲ್ಲಿ ಗ್ಯಾಂಟನ್ ಎಂಬ ಪುಟ್ಟ ಹಳ್ಳಿ ಸಿಗುತ್ತದೆ. ಅಲ್ಲಿನ ಗಾಲ್ಫ್ ಕ್ಲಬ್ 1891ರದ್ದು. ನಮ್ಮ ಬೆಂಗಳೂರಿನದ್ದು 1876ರದ್ದು. ಆಫೀಸಿನಲ್ಲಿ ಇದನ್ನು ಹೇಳಿದರೆ ಯಾರೂ ನಂಬಲಿಲ್ಲ.

ಒಂದು ಕಾಲದಲ್ಲಿ ಸಮುದ್ರ ಇಲ್ಲಿವರೆಗೂ ಚಾಚಿತ್ತಂತೆ. ಮೈದಾನದ ಬಂಕರ್‌ಗಳ, ಅಂದರೆ ಮರಳುಗುಂಡಿಗಳ, ಮರಳಿನಲ್ಲಿ ಈಗಲೂ ಕಪ್ಪೆಚಿಪ್ಪು ಸಿಗುತ್ತವೆ ಅನ್ನುತ್ತಾರೆ.

ಹ್ಯಾರಿ ವಾರ್ಡನ್ ಎಂಬ ಆಟಗಾರ 1896ರಲ್ಲಿ ಪ್ರೊ (ಕ್ಲಬ್ಬಿನ ವೃತ್ತಿಪರ ಗಾಲ್ಫರ್) ಆಗಿ ಬಂದದ್ದು ಇಲ್ಲಿಗೇ. ಬ್ರಿಟನ್ನಿನ ದೊಡ್ಡ ಗಾಲ್ಫ್ ಪಂದ್ಯಾವಳಿ ಓಪನ್ ಅನ್ನು ಆಗಲೇ ಎರಡು ಸಲ ಗೆದ್ದಿದ್ದ ಜೆ.ಎಚ್. ಟೇಲರ್‌ನನ್ನು ಇದೇ ಮೈದಾನದಲ್ಲಿ ಸೋಲಿಸಿದ. ಮುಂದಿನ ತಿಂಗಳೇ ಓಪನ್ ಕೂಡ ಗೆದ್ದ. ಆಮೇಲೆ 2000ದಲ್ಲಿ ಕರ್ಟಿಸ್ ಕಪ್, 2003ರಲ್ಲಿ ವಾಕರ್ ಕಪ್ ನಡೆದವು. ಇವೆಲ್ಲ ಗೋಡೆಗೆ ನೇತುಹಾಕುವ ವಿಷಯಗಳು. ನನಗೆ ಇಷ್ಟವಾದ ಕಥೆ ಬೇರೆ.

1949ರ ಸೆಪ್ಟೆಂಬರ್, ಇದೇ ಮೈದಾನದಲ್ಲಿ ಬ್ರಿಟನ್-ಅಮೆರಿಕ ತಂಡಗಳ ರೈಡರ್ ಕಪ್. ಯುದ್ಧ ಮುಗಿದು ನಾಲ್ಕು ವರ್ಷವಾದರೂ ಬ್ರಿಟನ್ನಿನಲ್ಲಿ ಮಾಂಸಕ್ಕೆ ರೇಷನ್. ಅಮೆರಿಕದವರು ಹಡಗಿನಲ್ಲಿ ಊಟಾನೂ ಕಟ್ಟಿಕೊಂಡು ಬಂದರು. ಸ್ಟೇಕ್‌ಗಳೇ 600 ಅಂತೆ! ಬೀಗರ ಮನೆಗೆ ಬುತ್ತಿ ಹಿಡಿದು ಹೋದ ಹಾಗಲ್ವಾ?

ಅವರ ನಾಯಕ ಬೆನ್ ಹೋಗನ್ ಆಡುವ ಸ್ಥಿತಿಯಲ್ಲಿರಲಿಲ್ಲ. ಫೆಬ್ರುವರಿಯಲ್ಲಿ ಅವನ ಕಾರಿಗೆ ಗ್ರೇಹೌಂಡ್ ಬಸ್ಸು ಗುದ್ದಿತ್ತು. ಬದುಕಿದ್ದೇ ಹೆಚ್ಚು. (ಗ್ಯಾಂಟನ್‌ನ ಪಬ್ಬಿನ ಹೆಸರೂ ಗ್ರೇಹೌಂಡ್. ಪಾಪ.) ಕೋಲು ಊರಿಕೊಂಡು ಬಂದವನು ಪಂದ್ಯದ ಹಿಂದಿನ ದಿನ ತಕರಾರು ತೆಗೆದ. ಬ್ರಿಟಿಷರ ಕೆಲವು ಕ್ಲಬ್‌ಗಳ (ಚೆಂಡು ಹೊಡೆಯುವ ಕೋಲುಗಳ) ಮುಖದಲ್ಲಿರುವ ಗೀರುಗಳು ನಿಯಮಕ್ಕಿಂತ ಆಳ ಅಂದ. ಗೀರು ಆಳವಾದಷ್ಟೂ ಚೆಂಡಿಗೆ ಜಾಸ್ತಿ ಸ್ಪಿನ್, ಬಿದ್ದಲ್ಲೇ ನಿಲ್ಲುತ್ತದೆ. ಸುಮ್ನೆ ಎತ್ತಿದ ಮಾತಲ್ಲ, 1947ರಲ್ಲಿ ಬ್ರಿಟಿಷ್ ನಾಯಕ ಹೆನ್ರಿ ಕಾಟನ್ ಅಮೆರಿಕನ್ನರ ಕ್ಲಬ್‌ಗಳನ್ನು ಹೀಗೇ ತಪಾಸಣೆ ಮಾಡಿಸಿದ್ದ. ಆ ಬಾಕಿ ತೀರಬೇಕಿತ್ತು.

ಪಂಚಾಯ್ತಿ ಗಾಲ್ಫ್ ನಿಯಮಗಳನ್ನು ನೋಡಿಕೊಳ್ಳುತ್ತಿದ್ದ ಬರ್ನಾರ್ಡ್ ಡಾರ್ವಿನ್ ಹತ್ತಿರ ಹೋಯಿತು. ಮಂಗನ ಕಥೆ ಹೇಳಿದ ಡಾರ್ವಿನ್ ಇದಾನಲ್ಲ, ಅವನ ಮೊಮ್ಮಗ. ಸ್ವಲ್ಪ ಫೈಲ್ (ಅರ) ಹಾಕಿದರೆ ಸರಿಹೋಗುತ್ತೆ ಅಂದುಬಿಟ್ಟ. ಕೆಲಸ ಬಿದ್ದದ್ದು ಗ್ಯಾಂಟನ್‌ನ ಪ್ರೊ ಜಾಕ್ ಬ್ಯಾಲಂಟೈನ್ ತಲೆಗೆ. ರಾತ್ರಿ ಕೂತು ತಿಕ್ಕಿದ. ತಿಕ್ಕಿಸಿಕೊಂಡ ಕ್ಲಬ್‌ಗಳಲ್ಲೇ ಆಡಿ ಬ್ರಿಟಿಷರು ಮೊದಲ ದಿನ 3–1 ಮುಂದಿದ್ದರು. ಎರಡನೇ ದಿನ ಎಂಟು ಸಿಂಗಲ್ಸ್‌ನಲ್ಲಿ ಆರು ಕಳೆದುಕೊಂಡು 7–5ರಲ್ಲಿ ಸೋತರು.

ಅಪ್ಪ ಜಾಲಹಳ್ಳಿ ಎಚ್‌ಎಂಟಿಯಲ್ಲಿ ಫಿಟ್ಟರ್ ಆಗಿದ್ದವರು. ಭಾನುವಾರ ಫೋನಿನಲ್ಲಿ ಇಷ್ಟನ್ನೂ ಹೇಳಿದೆ. ಯಾರು ಗೆದ್ದರು ಅಂತ ಕೇಳಲೇ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

“ವೈಸ್‌ಗೆ ಕಟ್ಟಿ ಹಾಕಿದ್ನೋ, ಕೈಯಲ್ಲಿ ಹಿಡ್ಕೊಂಡೇ ಹಾಕಿದ್ನೋ?”